ಕುಳಿತವರು, ನಿಂತವರು: ಕರ್ನಾಟಕದ ಕಾಂಗ್ರೆಸ್ಸನ್ನು ಹಳೆಯ ಫೋಟೋಗಳಲ್ಲಿ ಓದುವುದು

ಮಲಪ್ರಭಾ ತೀರ (ಚರ್ಚೆ ಆರಂಭಿಸಿದವರು)

ನಮ್ಮ ಅಜ್ಜನ ಟ್ರಂಕಿನ ತಳದಲ್ಲಿ, ಮಡಚಿಟ್ಟ ಧೋತರಗಳ ಕೆಳಗೆ, ದಪ್ಪ ರಟ್ಟಿಗೆ ಅಂಟಿಸಿದ ಒಂದು ಗುಂಪು ಫೋಟೋ ಸಿಕ್ಕಿದೆ. ಒಟ್ಟು 34 ಜನರಿದ್ದಾರೆ. ಮುಂದಿನ ಸಾಲಿನಲ್ಲಿ ಏಳು ಮಂದಿ ಕುರ್ಚಿಗಳಲ್ಲಿ ಕುಳಿತಿದ್ದಾರೆ, ಉಳಿದವರೆಲ್ಲ ಹಿಂದೆ ಎರಡು ಸಾಲುಗಳಲ್ಲಿ ನಿಂತಿದ್ದಾರೆ. ಬಲಗಡೆಯ ತುದಿಯಲ್ಲಿ ಒಂದು ಬಾವುಟವಿದೆ. ರಟ್ಟಿನ ಕೆಳಭಾಗದಲ್ಲಿ 'ಬೆಳಗಾಂವಿ ಕಾಂಗ್ರೆಸ್ 1924' ಎಂದು ನೀಲಿ ಶಾಯಿಯಲ್ಲಿ ಬರೆದಿದೆ. ಅದರ ಕೆಳಗೆ 'ಕುಳಿತವರು (ಎಡದಿಂದ ಬಲಕ್ಕೆ)' ಎಂದು ಏಳು ಹೆಸರುಗಳು, ಪ್ರತಿಯೊಂದರ ಹಿಂದೆಯೂ 'ಶ್ರೀಯುತ', ಮುಂದೆ 'ರಾವ್' ಅಥವಾ 'ಗೌಡ'. ಆಮೇಲೆ 'ನಿಂತವರು' ಎಂದು ಬರೆದು, ಅದರ ಮುಂದೆ ಒಂದೇ ಪದ: 'ಸ್ವಯಂಸೇವಕರು'.

ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯವರು ನಮ್ಮ ಅಜ್ಜ. ಅವರ ಹೆಸರು ಆ ರಟ್ಟಿನ ಮೇಲೆ ಎಲ್ಲಿಯೂ ಇಲ್ಲ. ಅವರ ಬಲಗಡೆ ನಿಂತಿರುವವರು ಯಾರೆಂದು ಹೇಳಬಲ್ಲ ಒಬ್ಬರೂ ನಮ್ಮ ಮನೆಯಲ್ಲಿ ಈಗ ಉಳಿದಿಲ್ಲ.

ಈ ಒಂದು ಚಿತ್ರದಿಂದ ಶುರುವಾದ ಹುಡುಕಾಟದಲ್ಲಿ ಕಳೆದ ಒಂದು ವರ್ಷದಿಂದ ಕಾಂಗ್ರೆಸ್ ಪಕ್ಷದ ಹಳೆಯ ಫೋಟೋಗಳನ್ನು ಸಿಕ್ಕಲ್ಲೆಲ್ಲ ನೋಡುತ್ತ ಬಂದಿದ್ದೇನೆ. 1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ ಸೇರಿದ ಮೊದಲ ಅಧಿವೇಶನದ ಚಿತ್ರ ಎಲ್ಲರಿಗೂ ಗೊತ್ತು: 72 ಪ್ರತಿನಿಧಿಗಳು, ಕೋಟು, ರುಮಾಲು, ಪಗಡಿ, ಉದ್ದನೆಯ ಅಂಗಿ, ಹೆಂಗಸರೆಂಬವರು ಒಬ್ಬರೂ ಇಲ್ಲ, ನಡುವೆ ಅಧ್ಯಕ್ಷರಾದ ಡಬ್ಲ್ಯೂ. ಸಿ. ಬ್ಯಾನರ್ಜಿ, ಅವರ ಸುತ್ತ ವಕೀಲರು, ಪತ್ರಿಕಾ ಸಂಪಾದಕರು. ಪುಣೆಯಲ್ಲಿ ನಡೆಯಬೇಕಿದ್ದ ಸಭೆ ಅಲ್ಲಿ ಕಾಲರಾ ಬಂದದ್ದರಿಂದ ಮುಂಬಯಿಗೆ ಬಂತು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಆದರೆ ಆ ಪಕ್ಷ ಆಗ ಯಾರದ್ದಾಗಿತ್ತು ಎಂಬುದನ್ನು ಯಾವ ಬರಹಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಆ ಚಿತ್ರವನ್ನೂ 39 ವರ್ಷಗಳ ಅನಂತರದ ಬೆಳಗಾವಿಯ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಪಕ್ಷದ ಮೈಯೇ ಬದಲಾದಂತೆ ಕಾಣುತ್ತದೆ. ಕುರ್ಚಿಗಳು ಹೋಗಿವೆ, ನೆಲ ಬಂದಿದೆ. ಪಗಡಿಗಳ ಜಾಗಕ್ಕೆ ಬಿಳಿ ಟೋಪಿಗಳು ಬಂದಿವೆ. 1921ರ ಅಹಮದಾಬಾದ್ ಅಧಿವೇಶನದಲ್ಲಿ ಕುರ್ಚಿ ಬೆಂಚುಗಳನ್ನು ತೆಗೆದು ಎಲ್ಲರನ್ನೂ ನೆಲದ ಮೇಲೆ ಕೂರಿಸಿದ್ದು ಆ ಬದಲಾವಣೆಯ ಹೊಸಿಲು.

ಹಾಗಿದ್ದರೆ ನಮ್ಮ ಅಜ್ಜನ ಚಿತ್ರದಲ್ಲಿ ಏಳು ಕುರ್ಚಿಗಳು ಏಕೆ? ಕುಳಿತವರಿಗೆ ಮಾತ್ರ ಹೆಸರು ಏಕೆ? ನನ್ನ ಕೋರಿಕೆ ಎರಡು. ಮೊದಲನೆಯದು, ಈ ಚಿತ್ರದ ಕಾಲವನ್ನು ಗುರುತಿಸಲು ನೆರವಾಗಿ. ಎರಡನೆಯದು, ನಿಮ್ಮ ನಿಮ್ಮ ಊರಿನ ಕಡೆಯಿಂದ ಈ ಪಕ್ಷದ ಇತಿಹಾಸ ಫೋಟೋಗಳಲ್ಲಿ ಹೇಗೆ ಉಳಿದಿದೆ, ಎಲ್ಲಿ ಉಳಿಯಲಿಲ್ಲ ಎಂಬುದನ್ನು ಬರೆಯಿರಿ. ಇಂದಿನ ಚುನಾವಣೆಯ ಮಾತು ಇಲ್ಲಿ ಬೇಡವೆಂದು ವಿನಂತಿ.

ವೃಷಭಾವತಿ

ಗ್ರಂಥಾಲಯವೊಂದರ ಚಿತ್ರಸಂಗ್ರಹ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅಡಿಬರಹವನ್ನು ನಂಬುವ ಮೊದಲು ಚಿತ್ರದೊಳಗಿನ ವಸ್ತುಗಳನ್ನು ವಿಚಾರಿಸಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನಿಮ್ಮ ಚಿತ್ರದಲ್ಲಿ ವಿಚಾರಣೆಗೆ ಸಿಗುವ ಅತ್ಯುತ್ತಮ ಸಾಕ್ಷಿ ಆ ಬಾವುಟ.

1921ರಿಂದ ಕಾಂಗ್ರೆಸ್ ಸಭೆಗಳಲ್ಲಿ ಬಳಕೆಗೆ ಬಂದ ಬಾವುಟದಲ್ಲಿ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು ಇದ್ದವು. ಚರಕದ ಚಿತ್ರ ಮೂರೂ ಪಟ್ಟಿಗಳ ಮೇಲೆ ಹರಡಿತ್ತು. ಕೇಸರಿ ಮೇಲೆ, ಬಿಳಿ ನಡುವೆ, ಹಸಿರು ಕೆಳಗೆ, ಬಿಳಿಯ ಪಟ್ಟಿಯಲ್ಲಿ ಚರಕ ಎಂಬ ಕ್ರಮವನ್ನು ಅಖಿಲ ಭಾರತ ಕಾಂಗ್ರೆಸ್ ಸಮಿತಿ ಒಪ್ಪಿದ್ದು 1931ರ ಆಗಸ್ಟಿನಲ್ಲಿ. ಆ ಕಾಲದ ಕಪ್ಪುಬಿಳುಪು ಫಲಕಗಳು ಕೆಂಪು ಬಣ್ಣಕ್ಕೆ ಕುರುಡಾಗಿದ್ದವು. ಕೆಂಪೂ ಕೇಸರಿಯೂ ಅವುಗಳಲ್ಲಿ ಬಹುಮಟ್ಟಿಗೆ ಕಪ್ಪಾಗಿಯೇ ಮೂಡುತ್ತಿದ್ದವು. ಆದ್ದರಿಂದ 1924ರ ಬಾವುಟ ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ ಕತ್ತಲಾಗುತ್ತ ಹೋಗಬೇಕು. ನೀವು ಹಾಕಿರುವ ಪ್ರತಿಯನ್ನು ದೊಡ್ಡದು ಮಾಡಿ ನೋಡಿದೆ. ಬಾವುಟದ ನಡುಪಟ್ಟಿ ಬಿಳಿಯಾಗಿದೆ, ಮೇಲಿನದು ಎಲ್ಲಕ್ಕಿಂತ ಕಪ್ಪಾಗಿದೆ. ಇದು 1924 ಆಗಲಾರದು.

ಇನ್ನೊಂದು ಮಾತು. ರಟ್ಟಿನ ಮೇಲಿನ ನೀಲಿ ಬರಹದಲ್ಲಿ ಗೆರೆ ಎಲ್ಲ ಕಡೆಯೂ ಒಂದೇ ದಪ್ಪವಾಗಿದೆ, ತಿರುವುಗಳಲ್ಲಿ ಸಣ್ಣ ಗಂಟುಗಳಿವೆ. ಇದು ಟಾಕಿನ ಬರಹವಲ್ಲ, ಬಾಲ್‌ಪೆನ್ನಿನದು. ಬಾಲ್‌ಪೆನ್ನು ನಮ್ಮ ಮನೆಗಳಿಗೆ ಬಂದದ್ದು ಸ್ವಾತಂತ್ರ್ಯದ ಮೇಲೆ. ಅಂದರೆ ಅಡಿಬರಹ ಚಿತ್ರಕ್ಕಿಂತ ಹಲವು ವರ್ಷ ಚಿಕ್ಕದು. ಯಾರೋ ನೆನಪಿನಿಂದ ಬರೆದದ್ದು.

ಗಾಂಧೀಜಿ ಇರುವ ಚಿತ್ರಗಳಿಗೆ ಇಂಥದೇ ಇನ್ನೊಂದು ಅಳತೆಗೋಲಿದೆ. 1915ರಲ್ಲಿ ಅವರು ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದಾಗ ಅವರದು ಕಾಠಿಯಾವಾಡಿ ಉಡುಗೆ, ತಲೆಗೆ ರುಮಾಲು. ಕೆಲವು ವರ್ಷಗಳ ಮೇಲೆ ಬಿಳಿ ಟೋಪಿ ಬಂತು. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅಂಗಿಯನ್ನು ಬಿಟ್ಟು ತುಂಡು ಪಂಚೆಗೆ ಬಂದರು. ಹೀಗಾಗಿ ಟೋಪಿ ಹಾಕಿಕೊಂಡ ಗಾಂಧೀಜಿಯ ಚಿತ್ರಕ್ಕೆ 'ಬೆಳಗಾವಿ ಅಧಿವೇಶನ' ಎಂಬ ಹೆಸರು ಕೊಟ್ಟು ಯಾರಾದರೂ ಹಂಚಿದರೆ ಒಪ್ಪಬೇಡಿ. ಅವರ ಹೆಸರಿನ ಟೋಪಿಯನ್ನು ಇಡೀ ದೇಶ ಹಾಕಿಕೊಂಡ ಹೊತ್ತಿಗೆ ಅವರ ತಲೆ ಬರಿದಾಗಿತ್ತು.

ಬಳ್ಳಾರಿ ನಾಲಾ

ನಾನು ಬೆಳಗಾವಿಯ ತಿಳಕವಾಡಿಯಲ್ಲಿ ಬೆಳೆದವನು. 1924ರ ಅಧಿವೇಶನದ ಜಾಗ ನಮ್ಮ ಆಟದ ದಾರಿಯಲ್ಲಿತ್ತು. ಅಂದು ಅದಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರು. ನಮ್ಮ ಬಾಯಲ್ಲಿ ಅದು ಇಂದಿಗೂ 'ಕಾಂಗ್ರೆಸ್ ಬಾವಿ'. ಡಿಸೆಂಬರ್ 26 ಮತ್ತು 27, ಎರಡೇ ದಿನ ನಡೆದ ಆ 39ನೆಯ ಅಧಿವೇಶನದ ವಿಶೇಷ ಎಲ್ಲರಿಗೂ ಗೊತ್ತು: ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಅದೊಂದೇ ಸಲ. ಅವರಿಗಾಗಿ ಕಟ್ಟಿದ ಖಾದಿ ಕುಟೀರಕ್ಕೆ 350 ರೂಪಾಯಿ ಖರ್ಚಾಯಿತೆಂದು ತಿಳಿದು ಅವರು ಅದನ್ನು 'ಖಾದಿ ಅರಮನೆ' ಎಂದು ಕರೆದು ಬೇಸರಪಟ್ಟರು.

ಆ ದಿನಗಳ ಚಿತ್ರಗಳಲ್ಲಿ ಹಂಪೆಯ ಗೋಪುರವನ್ನು ನೆನಪಿಸುವ ಮಹಾದ್ವಾರ, ಮಂಟಪ, ನಾಯಕರ ಸಾಲು ಕಾಣುತ್ತವೆ. ಆದರೆ ನಾನು ಪ್ರತಿ ಸಲವೂ ಹುಡುಕುವುದು ಎರಡು ಸಂಗತಿಗಳನ್ನು. ಒಂದು ಧ್ವನಿಗೆ ಸೇರಿದ್ದು. ಹನ್ನೊಂದು ವರ್ಷದ ಹುಡುಗಿ ಗಂಗೂಬಾಯಿ, ಮುಂದೆ ಹಾನಗಲ್ ಎಂಬ ಊರನ್ನು ಲೋಕಕ್ಕೆ ಪರಿಚಯಿಸಿದ ಗಾಯಕಿ, ಆ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತ ಗೀತೆ ಹಾಡಿದರು; ಹಾಡಿದ ಮೇಲೆ ಊಟದೆಲೆ ಎತ್ತಲು ತಮಗೇ ಹೇಳುತ್ತಾರೇನೋ ಎಂದು ಅವರು ಅಂಜಿದ್ದನ್ನು ತಾವೇ ಮುಂದೆ ಹೇಳಿಕೊಂಡಿದ್ದರು. ಸಂಗೀತದ ಮನೆತನದ ಹುಡುಗಿಯನ್ನು ಆ ಕಾಲ ಎಲ್ಲಿ ಕೂರಿಸುತ್ತಿತ್ತು ಎಂಬ ಪ್ರಶ್ನೆ ಆ ಅಂಜಿಕೆಯಲ್ಲಿದೆ. ಇನ್ನೊಂದು ಪೊರಕೆಗೆ ಸೇರಿದ್ದು. ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರೇ ಕಕ್ಕಸು ಶುಚಿ ಮಾಡಿದರು. ಮೇಲ್ಜಾತಿಯ ಹುಡುಗರು ಆ ಕೆಲಸಕ್ಕೆ ಕೈಹಾಕಿದ್ದು ಅಧಿವೇಶನದ ಎಷ್ಟೋ ನಿರ್ಣಯಗಳಿಗಿಂತ ದೊಡ್ಡ ಸುದ್ದಿ. ಆದರೆ ಕ್ಯಾಮೆರಾಗಳು ಮಂಟಪದ ಕಡೆ ತಿರುಗಿದ್ದವು.

ಕುಳಿತವರ ಬಗ್ಗೆ ಮೂಲ ಬರಹಗಾರರು ಸ್ವಲ್ಪ ಕಠಿಣವಾಗಿ ಬರೆದಿದ್ದಾರೆ ಎನ್ನಿಸಿತು. ಆ ಅಧಿವೇಶನವನ್ನು ಹೊತ್ತು ನಡೆಸಿದ ಗಂಗಾಧರರಾವ್ ದೇಶಪಾಂಡೆ ಎಲ್ಲ ಚಿತ್ರಗಳಲ್ಲೂ ಕುಳಿತವರೇ. ಆದರೆ ವತನದಾರ ಮನೆತನದ ಅವರು ಬೆಳಗಾವಿ ಹತ್ತಿರದ ಹುದಲಿಯಲ್ಲಿ ಖಾದಿ ಕೆಲಸಕ್ಕೆ ಕೂತು, ಮನೆತನದ ವೈಭವವನ್ನು ಬಿಟ್ಟು, ಜೈಲುಗಳನ್ನು ಕಂಡವರು. ಕುರ್ಚಿ ಕಂಡೊಡನೆ ಸುಖ ಎಂದುಕೊಳ್ಳಬಾರದು.

ಮಲಪ್ರಭಾ ತೀರ

ಒಪ್ಪಿದೆ. ನನ್ನ ಅಸಮಾಧಾನ ಕುಳಿತವರ ಮೇಲಲ್ಲ. ಹೆಸರು ಬರೆದ ಕೈಯ ಮೇಲೆ. ಬಾವುಟದ ಮಾತು ಓದಿ ರಾತ್ರಿ ಮತ್ತೆ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ. ನಡುಪಟ್ಟಿ ಬಿಳಿ, ಅದರಲ್ಲಿ ಚರಕದ ಚಕ್ರದ ಅರ್ಧ ಕಾಣುತ್ತದೆ. ಇಷ್ಟು ವರ್ಷ 'ಅಜ್ಜ ಗಾಂಧೀಜಿ ಅಧ್ಯಕ್ಷರಾಗಿದ್ದಾಗ ಅಲ್ಲಿದ್ದರು' ಎಂದು ಹೇಳಿಕೊಂಡು ಬಂದ ಮನೆಯಲ್ಲಿ ಇದನ್ನು ಹೇಗೆ ಹೇಳಲಿ ಎಂಬ ಯೋಚನೆಯೂ ಬಂತು.

ಘಟಪ್ರಭಾ

ನೀವು ಹಾಕಿದ ಚಿತ್ರದಲ್ಲಿ ನಿಂತವರ ಉಡುಪನ್ನು ಗಮನಿಸಿ: ಖಾಕಿಯಲ್ಲ, ಬಿಳಿ ಖಾದಿ ಚಡ್ಡಿ, ಅಂಗಿ, ಟೋಪಿ, ಭುಜದ ಮೇಲೆ ಅಡ್ಡಪಟ್ಟಿ. ಇದು ಹಿಂದುಸ್ತಾನಿ ಸೇವಾದಳದ ಸಾಲು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಕಟ್ಟಿದ ಈ ಸಂಸ್ಥೆಯ ಬೇರು ಹುಬ್ಬಳ್ಳಿಯಲ್ಲಿತ್ತು. ಇಡೀ ದೇಶದ ಕಾಂಗ್ರೆಸ್ ಸ್ವಯಂಸೇವಕರಿಗೆ ಕವಾಯತು, ಶಿಬಿರದ ಶಿಸ್ತು, ಬಾವುಟ ಏರಿಸುವ ಕ್ರಮ ಇವೆಲ್ಲ ಬಹುಮಟ್ಟಿಗೆ ಕನ್ನಡ ನೆಲದಿಂದ ಹೋದವು. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ ಎಂಬುದು ನನಗೆ ನಿಜವಾದ ನೋವು. ದಳದ ಹೆಣ್ಣುಮಕ್ಕಳ ವಿಭಾಗವನ್ನು ಕಟ್ಟಿದ ಉಮಾಬಾಯಿ ಕುಂದಾಪುರ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳವನ್ನೂ ನಡೆಸಿದರು. ಗಂಡನನ್ನು ಕಳೆದುಕೊಂಡು ಮನೆಯ ಮೂಲೆಗೆ ಸೇರಬೇಕೆಂದು ಸಮಾಜ ಹೇಳುತ್ತಿದ್ದ ವಯಸ್ಸಿನಲ್ಲಿ ಅವರು ಮನೆಮನೆಗೆ ಹೋಗಿ ಹೆಂಗಸರನ್ನು ಬೆಳಗಾವಿಯ ಸ್ವಯಂಸೇವೆಗೆ ಕರೆತಂದರು. ಕಮಲಾದೇವಿ ಚಟ್ಟೋಪಾಧ್ಯಾಯರ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಉಮಾಬಾಯಿಯವರದು ಹುಡುಕಿದರೆ ಬೆರಳೆಣಿಕೆಯಷ್ಟು.

ಕಾಲದ ಲೆಕ್ಕಕ್ಕೆ ಬರೋಣ. 1932ರ ಜನವರಿಯಲ್ಲಿ ಸರ್ಕಾರ ಕಾಂಗ್ರೆಸ್ಸಿನ ಜೊತೆಗೆ ಸೇವಾದಳವನ್ನೂ ನಿಷೇಧಿಸಿತು. ಬಾವುಟ 1931ರ ಆಗಸ್ಟಿನ ಮುಂಚಿನದಲ್ಲ. ಹೀಗೆ ಬಹಿರಂಗವಾಗಿ, ಕುರ್ಚಿ ಹಾಕಿ, ಸ್ಟುಡಿಯೋದವರನ್ನು ಕರೆಸಿ ಚಿತ್ರ ತೆಗೆಸಿಕೊಳ್ಳಲು ಎರಡು ಕಿಟಕಿಗಳು ಮಾತ್ರ ತೆರೆದಿದ್ದವು: 1931ರ ಕೊನೆಯ ಐದು ತಿಂಗಳು, ಅಥವಾ ನಿಷೇಧಗಳ ಬಿಗಿ ಸಡಿಲಗೊಂಡ 1930ರ ದಶಕದ ಕೊನೆಯ ವರ್ಷಗಳು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. 1939ರ ಕೊನೆಗೆ ರಾಜೀನಾಮೆ ಕೊಟ್ಟಿತು. ಇದೇ 1937ರ ಏಪ್ರಿಲ್‌ನಲ್ಲಿ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆದು ಗಾಂಧೀಜಿ ಅಲ್ಲಿಗೆ ಬಂದಿದ್ದರು. ನಿಮ್ಮ ಅಜ್ಜನ ಊರು ಹುದಲಿಗೆ ಎಷ್ಟು ದೂರ?

ಶಿಂಷಾ ತೀರ

ಇಲ್ಲಿಯವರೆಗಿನ ಚರ್ಚೆಯೆಲ್ಲ ಮುಂಬಯಿ ಕರ್ನಾಟಕದ್ದು. ಹಳೆಯ ಮೈಸೂರಿನ ಕಡೆಯವರು ಈ ಪಕ್ಷದ ಚಿತ್ರಗಳನ್ನು ಬೇರೆಯೇ ಬಗೆಯಲ್ಲಿ ಓದಬೇಕಾಗುತ್ತದೆ, ಏಕೆಂದರೆ ನಮ್ಮಲ್ಲಿ ಎದುರಿಗೆ ಇದ್ದದ್ದು ಬ್ರಿಟಿಷ್ ಕಲೆಕ್ಟರನಲ್ಲ, ಮಹಾರಾಜರ ಸರ್ಕಾರ. ಪ್ರಜೆಗಳು ಮಹಾರಾಜರನ್ನು ಪ್ರೀತಿಸುತ್ತಿದ್ದರು, ದಿವಾನರ ಆಡಳಿತವನ್ನು ಪ್ರಶ್ನಿಸುತ್ತಿದ್ದರು. ಈ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡಿದ್ದ ಜನ ನಮ್ಮ ಹಿರಿಯರು. ಸಂಸ್ಥಾನದಲ್ಲಿ ಬ್ರಾಹ್ಮಣೇತರ ಚಳವಳಿಯಿಂದ ಬೆಳೆದ ಪ್ರಜಾಪಕ್ಷದ ನಾಯಕರು 1937ರಲ್ಲಿ ಕಾಂಗ್ರೆಸ್ಸಿಗೆ ಬಂದ ಮೇಲೆ ಪಕ್ಷಕ್ಕೆ ಹಳ್ಳಿಯ ಬೇರು ಸಿಕ್ಕಿತು. ಕೆ. ಸಿ. ರೆಡ್ಡಿ, ಎಚ್. ಸಿ. ದಾಸಪ್ಪ ಅವರಂಥವರ ಜೊತೆಗೆ ಪೇಟ ಸುತ್ತಿದ ರೈತರು ಚಿತ್ರದೊಳಗೆ ಬರಲು ಶುರುವಾದದ್ದು ಆಗ.

1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಶಿಂಷಾ ನದಿಯ ಪಕ್ಕದ ಬಯಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ನಿಷೇಧಾಜ್ಞೆಯ ನಡುವೆ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿ ಬಂಧನಕ್ಕೆ ಒಳಗಾದರು. ಎರಡು ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ಕಾರಣಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಗೆ ಸರ್ಕಾರ ತನ್ನದೊಂದು ಲೆಕ್ಕ ಹೇಳಿತು, ಜನ ಅದಕ್ಕಿಂತ ಬಹಳ ಹೆಚ್ಚು ಹೇಳಿದರು. ಇಂದು ಅಲ್ಲಿಯ ಸ್ಮಾರಕದ ಮುಂದೆ ನಿಂತರೆ ಆ ಹೆಸರುಗಳಲ್ಲಿ ನಮ್ಮ ನಿಮ್ಮ ಮನೆಯ ಹೆಸರುಗಳೇ ಕಾಣುತ್ತವೆ. ಆ ರಕ್ತದ ಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು; ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು.

ಮಿರ್ಜಾ ಸಾಹೇಬರ ಫೋಟೋಗಳು ನೂರಾರು. ಪಟೇಲರವು ಸಾವಿರಾರು. ಏಪ್ರಿಲ್ 25ರ ಮಧ್ಯಾಹ್ನ ಆ ಅಶ್ವತ್ಥ ಮರದ ಸುತ್ತಿನ ಒಂದು ಚಿತ್ರವನ್ನೂ ನಾನು ಈ ಅರವತ್ತು ವರ್ಷದಲ್ಲಿ ಕಂಡಿಲ್ಲ. ಕ್ಯಾಮೆರಾ ಆಗ ಪೇಟೆಯ ಸ್ಟುಡಿಯೋದ ಆಸ್ತಿ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆಹಾಕಿ, ಎಲ್ಲರನ್ನೂ ಅಲುಗಾಡದೆ ನಿಲ್ಲಿಸಬೇಕಾದ ಯಂತ್ರ. ಗುಂಡಿನ ಮುಂದೆ ಯಾರು ಅಲುಗಾಡದೆ ನಿಲ್ಲುತ್ತಾರೆ? ಹಾಗಾಗಿ ಪಕ್ಷದ ಇತಿಹಾಸವನ್ನು ಚಿತ್ರಗಳಿಂದ ಮಾತ್ರ ಕಟ್ಟಿದರೆ ಸಂಧಾನ ಮಾಡಿದವರು ಉಳಿಯುತ್ತಾರೆ, ಸತ್ತವರು ಉಳಿಯುವುದಿಲ್ಲ. ಚಿತ್ರಸಂಪುಟ ಮಾಡುವವರಿಗೆ ನನ್ನದೊಂದೇ ಬಿನ್ನಹ: ವಿದುರಾಶ್ವತ್ಥಕ್ಕೆ ಒಂದು ಪುಟವನ್ನು ಖಾಲಿ ಬಿಟ್ಟು, ಅದರ ಕೆಳಗೆ ಹೆಸರುಗಳನ್ನು ಅಚ್ಚು ಮಾಡಿ.

ಕುಮುದ್ವತಿ

ಶಿಕಾರಿಪುರ ತಾಲ್ಲೂಕಿನವನು. ಈಸೂರಿನ ವಿಷಯವೂ ಹಾಗೆಯೇ. 1942ರಲ್ಲಿ ಊರು ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡಿತು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಉಳಿಯಿತು. ಶಾಲೆಗಳಲ್ಲಿ ತೂಗುಹಾಕುವುದು ಹೆಚ್ಚಾಗಿ ಆಮೇಲೆ ಬರೆದ ಚಿತ್ರಗಳನ್ನು. ಮಕ್ಕಳಿಗೆ ಅದು ಬರೆದ ಚಿತ್ರ ಎಂದು ಹೇಳಬೇಕು. ಬರೆದದ್ದನ್ನು ಫೋಟೋ ಎಂದು ಹಂಚುವುದು ಆ ಐವರಿಗೆ ಮಾಡುವ ಉಪಕಾರವಲ್ಲ.

ವರದಾ ತೀರ

ಕುಮುದ್ವತಿಯವರ ಮಾತಿಗೆ ಜೋಡಿಸಿ ಒಂದು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೊರಟ ಆಶ್ರಮವಾಸಿಗಳಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ದಂಡಿ ಯಾತ್ರೆಯ ಚಿತ್ರ ಎಂದು ಹಂಚುವ ಪ್ರತಿಯೊಂದರಲ್ಲೂ ಯಾರೋ ಒಬ್ಬ ಯುವಕನ ತಲೆಗೆ ಬಾಣದ ಗುರುತು ಹಾಕಿ 'ಮೈಲಾರ' ಎಂದು ಬರೆಯುತ್ತಿದ್ದಾರೆ. ಒಂದೊಂದರಲ್ಲಿ ಒಂದೊಂದು ಮುಖ. ಹಂಬಲ ಅರ್ಥವಾಗುತ್ತದೆ, ಆದರೆ ಇನ್ನೊಬ್ಬ ನಡಿಗೆಗಾರನ ಮುಖವನ್ನು ಕಿತ್ತು ನಮ್ಮವರಿಗೆ ಕೊಡುವುದು ಸರಿಯಲ್ಲ. 2018ರಲ್ಲಿ ಬಂದ ಅಂಚೆಚೀಟಿಯ ಮುಖವನ್ನು ಪಕ್ಕದಲ್ಲಿಟ್ಟು ನೋಡಿ, ಹೊಂದದಿದ್ದರೆ ಬಾಣ ತೆಗೆಯಿರಿ.

ವೃಷಭಾವತಿ

ಸ್ವಾತಂತ್ರ್ಯದ ಮೇಲಿನ ಕಾಲಕ್ಕೂ ಬರಬೇಕು. ಚಿತ್ರಗಳ ಸಂಖ್ಯೆ ಆಗ ಹೆಚ್ಚಿತು, ಮುಖದ ಮೇಲಿನ ಬಿಚ್ಚುಮನಸ್ಸು ಕಡಿಮೆಯಾಯಿತು ಎಂದು ನನಗೆ ಅನ್ನಿಸುವುದುಂಟು. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ; ಅದನ್ನು ಇಂದಿನ ರೂಪದಲ್ಲಿ ಕಟ್ಟಿಸಿದವರು ಕೆಂಗಲ್ ಹನುಮಂತಯ್ಯ; ಅದು ಮುಗಿಯುವ ಹೊತ್ತಿಗೆ ಅವರೂ ಅಧಿಕಾರದಲ್ಲಿರಲಿಲ್ಲ, 1956ರ ನವೆಂಬರ್ 1ಕ್ಕೆ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ನಿಂತವರು ಎಸ್. ನಿಜಲಿಂಗಪ್ಪ. ಮೂವರೂ ಒಂದೇ ಪಕ್ಷದವರು.

ಆದರೆ ನನ್ನ ಮಟ್ಟಿಗೆ ಈ ಪಕ್ಷದ ಇತಿಹಾಸದಲ್ಲಿ ಅತ್ಯಂತ ಮಾತಾಡುವ ಚಿತ್ರಗಳು 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ತೆಗೆದವು. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅಲ್ಲಿ ಸೇರಿತ್ತು. ಪಕ್ಷದ ಅಧ್ಯಕ್ಷ ನಿಜಲಿಂಗಪ್ಪ, ಅತಿಥೇಯ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಇಂದಿರಾ ಗಾಂಧಿ ತಾವು ಬರುವ ಮೊದಲೇ ಬ್ಯಾಂಕುಗಳ ವಿಷಯವೂ ಇದ್ದ ಒಂದು ಟಿಪ್ಪಣಿಯನ್ನು ಕಳಿಸಿಕೊಟ್ಟಿದ್ದರು. ರಾಷ್ಟ್ರಪತಿ ಹುದ್ದೆಗೆ ಸಂಜೀವ ರೆಡ್ಡಿಯವರ ಹೆಸರು ಅವರ ಮನಸ್ಸಿಗೆ ವಿರುದ್ಧವಾಗಿ ತೀರ್ಮಾನವಾದದ್ದು ಇಲ್ಲಿಯೇ. ಬೆಂಗಳೂರಿನಿಂದ ಹಿಂದಿರುಗಿದ ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು, ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಆಗಸ್ಟಿನ ರಾಷ್ಟ್ರಪತಿ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರ ಎದುರು ವಿ. ವಿ. ಗಿರಿ ಗೆದ್ದರು, ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು. ಗಾಜಿನ ಮನೆಯ ಬೆಳಕು ಫೋಟೋಗ್ರಾಫರನಿಗೆ ವರ, ಎಲ್ಲ ಕಡೆಯಿಂದಲೂ ಸಮನಾಗಿ ಬೀಳುತ್ತದೆ. ಯಾರ ಮುಖದಲ್ಲೂ ನೆರಳಿಲ್ಲ, ಆದರೆ ಒಬ್ಬರ ಕಣ್ಣು ಇನ್ನೊಬ್ಬರನ್ನು ನೋಡುತ್ತಿಲ್ಲ.

ಹೀಗೆ ಪಕ್ಷ ಒಡೆದ ಮೇಲಿನ ಚಿತ್ರಗಳ ಕಾಲವನ್ನು ಗೋಡೆಬರಹದ ಚಿಹ್ನೆಯಿಂದಲೇ ಹೇಳಬಹುದು. ನೊಗ ಹೊತ್ತ ಜೋಡೆತ್ತು ಕಂಡರೆ ಅದು ಒಡಕಿನ ಮುಂಚಿನದು. ಹಸು ಕರು ಕಂಡರೆ 1971ರಿಂದ 1977ರವರೆಗಿನ ಇಂದಿರಾ ಕಾಂಗ್ರೆಸ್. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ನೂಲುವ ಹೆಂಗಸು. 1978ರ ಎರಡನೆಯ ಒಡಕಿನ ಮೇಲೆ ಹಸ್ತ. ನಮ್ಮ ರಾಜ್ಯದ ಹಳ್ಳಿಗೋಡೆಗಳ ಮೇಲೆ ಹಸ್ತ ಮೂಡಿದ್ದು ಆ ವರ್ಷದ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ.

ಯಗಚಿ

ಹಾಗಿದ್ದರೆ ಚಿಕ್ಕಮಗಳೂರಿನ ಮಾತನ್ನು ನಾನು ಹೇಳಲೇಬೇಕು. 1978ರ ನವೆಂಬರಿನಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಲೋಕಸಭಾ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತದ್ದು ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಈ ಕ್ಷೇತ್ರದಲ್ಲಿ. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ. ಅಂದರೆ 1969ರ ಗಾಜಿನ ಮನೆಯಲ್ಲಿ ಅತಿಥೇಯರಾಗಿದ್ದವರೇ ಇಲ್ಲಿ ಎದುರಾಳಿ, ಅವರೇ ಮುಂದೆ 1989ರಲ್ಲಿ ಮತ್ತೆ ಕಾಂಗ್ರೆಸ್ಸಿನ ಮುಖ್ಯಮಂತ್ರಿ. ಒಬ್ಬ ಮನುಷ್ಯ ಒಂದೇ ಪಕ್ಷದ ಚಿತ್ರದೊಳಗೆ, ಹೊರಗೆ, ಮತ್ತೆ ಒಳಗೆ ಬರುವುದನ್ನು ನೋಡಬೇಕಿದ್ದರೆ ಈ ಮೂರು ಚಿತ್ರಗಳನ್ನು ಸಾಲಾಗಿ ಇಡಿ.

ತೋಟದ ಲೈನಿನ ಹೆಂಗಸರು ಕೆಲಸ ಬಿಟ್ಟು ಮಳೆಯಲ್ಲಿ ರಸ್ತೆಬದಿಗೆ ಬಂದು ನಿಂತಿದ್ದರು. ಇಂದಿರಾ ಗಾಂಧಿ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. ಆ ಚುನಾವಣೆಯ ಚಿತ್ರಗಳೆಂದರೆ ಎಲ್ಲರೂ ಅವರ ಸೀರೆಯ ಸೆರಗನ್ನು, ಎತ್ತಿದ ಕೈಯನ್ನು ನೋಡುತ್ತಾರೆ. ನಾನು ನೋಡುವುದು ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತ ಆ ಹೆಂಗಸರನ್ನು. ಅವರಲ್ಲಿ ಒಬ್ಬಾಕೆ ನನ್ನ ತಾಯಿ ಇರಬಹುದೆಂದು ಪ್ರತಿ ಸಲವೂ ಹುಡುಕುತ್ತೇನೆ.

ಹೇಮಾವತಿ

ಇಷ್ಟೆಲ್ಲ ಓದಿದ ಮೇಲೆ ಒಂದು ಆಕ್ಷೇಪ. 1971ರ ಹಸು ಕರುವಿನಿಂದ ನೇರವಾಗಿ 1978ರ ಹಸ್ತಕ್ಕೆ ಹಾರಿದಿರಿ. ನಡುವೆ ಎರಡು ಬೇರೆ ಬೇರೆ ಕಥೆಗಳಿವೆ, ಎರಡನ್ನೂ ಹೇಳದಿದ್ದರೆ ಈ ಪಕ್ಷದ ಚಿತ್ರಸಂಪುಟ ಪೂರ್ತಿಯಲ್ಲ.

ಒಂದು, ದೇವರಾಜ ಅರಸರ ಕಾಲ. ಕುಳಿತವರ ಸಾಲು ನಿಜವಾಗಿ ಬದಲಾದದ್ದು ಆಗ. 1972ರ ಮಂತ್ರಿಮಂಡಲದ ಚಿತ್ರವನ್ನು ಹಿಂದಿನ ಮಂತ್ರಿಮಂಡಲಗಳ ಚಿತ್ರದ ಪಕ್ಕದಲ್ಲಿಟ್ಟು ನೋಡಿ; ಅದುವರೆಗೆ ನಿಂತೇ ಇದ್ದ ಸಮುದಾಯಗಳು ಕುರ್ಚಿಗೆ ಬಂದಿವೆ. ಆ ವರ್ಷ ಹಿಂದುಳಿದ ವರ್ಗಗಳ ಹಾವನೂರು ಆಯೋಗ ನೇಮಕವಾಯಿತು, 1974ರಲ್ಲಿ ಭೂಸುಧಾರಣಾ ಕಾಯಿದೆಗೆ ಹಲ್ಲು ಬಂತು, ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟರು. 1924ರಲ್ಲಿ ಸ್ವಯಂಸೇವಕರು ಎರಡು ದಿನ ಹಿಡಿದ ಪೊರಕೆಯನ್ನೂ ಈ ಆದೇಶವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನನ್ನ ಅಪ್ಪ ಗೇಣಿದಾರ. ಭೂ ನ್ಯಾಯಮಂಡಳಿಯ ಮುಂದೆ ನಿಂತ ದಿನ ಯಾರೂ ಫೋಟೋ ತೆಗೆಯಲಿಲ್ಲ. ನಮ್ಮ ಮನೆಯಲ್ಲಿ ಆ ದಿನದ ಗುರುತಾಗಿ ಇರುವುದು ಒಂದು ಪಹಣಿ.

ಎರಡು, ತುರ್ತು ಪರಿಸ್ಥಿತಿ. 1975ರ ಜೂನ್ 26ರಂದು ಬೆಂಗಳೂರಿನಲ್ಲಿಯೇ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂಧಿತರಾಗಿ ಇಲ್ಲಿಯ ಸೆರೆಮನೆಗೆ ಹೋದರು. ಕಲಾವಿದೆ ಸ್ನೇಹಲತಾ ರೆಡ್ಡಿ ಅದೇ ಸೆರೆಮನೆಯಲ್ಲಿ ನಲುಗಿ, ಬಿಡುಗಡೆಯಾಗಿ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇದೂ ಈ ಪಕ್ಷದ ಇತಿಹಾಸವೇ. ಒಂದು ಪಕ್ಷವನ್ನು ಪ್ರೀತಿಸುವವರು ಅದರ ಸಂಪುಟದಲ್ಲಿ ಈ ಪುಟವನ್ನೂ ಅಂಟಿಸಬೇಕು. ನಾನು ಅದನ್ನು ಪ್ರೀತಿಸುವ ಮನೆಯಿಂದಲೇ ಬಂದವಳು, ಅದಕ್ಕೇ ಹೇಳುತ್ತಿದ್ದೇನೆ. ಅದೇ ಅರಸರು 1979ರಲ್ಲಿ ಇಂದಿರಾ ಅವರಿಂದ ಬೇರೆಯಾದರು ಎಂಬ ಕಾರಣಕ್ಕೆ ಅವರ ಚಿತ್ರವನ್ನು ಗೋಡೆಯಿಂದ ಇಳಿಸಿ ಒಳಗಿಟ್ಟ ಮನೆಗಳೂ ನನಗೆ ಗೊತ್ತು. ನಮ್ಮ ಮನೆಯಲ್ಲಿ ಇಳಿಸಲಿಲ್ಲ.

ಘಟಪ್ರಭಾ

ಹೇಮಾವತಿಯವರ ಎರಡು ಮಾತನ್ನೂ ಒಪ್ಪುತ್ತೇನೆ. 2024ರ ಡಿಸೆಂಬರ್ 26ರಂದು, ಸರಿಯಾಗಿ ನೂರು ವರ್ಷಕ್ಕೆ, ಬೆಳಗಾವಿಯಲ್ಲಿ ಕಾರ್ಯಕಾರಿಣಿ ಸೇರಿದಾಗ ಅಧ್ಯಕ್ಷರಾಗಿ ಕುಳಿತವರು ಮಲ್ಲಿಕಾರ್ಜುನ ಖರ್ಗೆ. 1972ರಲ್ಲಿ ಗುರುಮಠಕಲ್ಲಿನಿಂದ ಮೊದಲ ಸಲ ವಿಧಾನಸಭೆಗೆ ಬಂದವರು, ನಿಜಲಿಂಗಪ್ಪನವರ ಅನಂತರ ಆ ಸ್ಥಾನಕ್ಕೆ ಹೋದ ಕನ್ನಡ ನಾಡಿನವರು. 1924ರ ಚಿತ್ರದಲ್ಲಿ ಅವರ ದಲಿತ ಸಮುದಾಯದವರು ಎಲ್ಲಿ ನಿಂತಿದ್ದರು ಎಂದು ಆ ದಿನ ಹಳೆಯ ಪ್ರತಿಗಳನ್ನು ಮತ್ತೆ ತೆರೆದು ಹುಡುಕಿದೆ. ಅದೇ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡ ಸುದ್ದಿ ಬಂದು ಮರುದಿನದ ಸಮಾವೇಶ ನಿಂತಿತು.

ಮಲಪ್ರಭಾ ತೀರ

ಎಲ್ಲರಿಗೂ ಋಣಿ. ಹುದಲಿ ನಮ್ಮೂರಿನಿಂದ ನಡಿಗೆಯ ದೂರ. ಇದನ್ನು ಮೊದಲೇ ಬರೆಯಬೇಕಿತ್ತು.

ಕಳೆದ ವಾರ ನಮ್ಮ ದೊಡ್ಡತ್ತೆಯ ಬಳಿಗೆ ಚಿತ್ರವನ್ನು ಒಯ್ದಿದ್ದೆ. ಅವರಿಗೆ 91 ವರ್ಷ. ಅಡಿಬರಹ ತಮ್ಮ ಅಣ್ಣನ ಅಕ್ಷರ ಎಂದು ನೋಡಿದೊಡನೆ ಗುರುತಿಸಿದರು. ಅಜ್ಜ ತೀರಿಕೊಂಡ ಮೇಲೆ ಅವರೇ ಬರೆದದ್ದಂತೆ. 'ಅಪ್ಪ ಗಾಂಧೀಜಿಯನ್ನು ನೋಡಿದ್ದು ಹುದಲಿಯಲ್ಲಿ, ಬೆಳಗಾವಿಯಲ್ಲಲ್ಲ. 1924ರಲ್ಲಿ ಅವರಿಗೆ ಹತ್ತು ವರ್ಷವೂ ತುಂಬಿರಲಿಲ್ಲ' ಎಂದರು. ಇಷ್ಟು ಸರಳವಾದ ಲೆಕ್ಕವನ್ನು ನಾವು ಯಾರೂ ಮಾಡಿರಲಿಲ್ಲ. ದೊಡ್ಡ ಅಧಿವೇಶನದ ಹೆಸರಿನ ಆಸೆಗೆ ಅಜ್ಜನ ವಯಸ್ಸನ್ನೇ ಮರೆತಿದ್ದೆವು. ಇದು ಹುದಲಿಯ ದಿನಗಳ ಚಿತ್ರವೇ ಎಂದು ಖಚಿತವಾಗಿ ಬರೆಯುವುದಿಲ್ಲ. '1931ರ ಆಗಸ್ಟಿನ ಅನಂತರ. ಬಹುಶಃ 1937ರ ಸುಮಾರು, ಬೆಳಗಾವಿ ಸೀಮೆ' ಎಂದು ಬರೆಯುತ್ತೇನೆ. ಬಾಲ್‌ಪೆನ್ನಿನ ಬರಹವನ್ನು ಅಳಿಸುವುದಿಲ್ಲ, ಅದೂ ನಮ್ಮ ಮನೆಯ ದಾಖಲೆಯೇ.

ವೃಷಭಾವತಿಯವರು ಬೇರೆಯಾಗಿ ತಿಳಿಸಿದ ಕ್ರಮದಂತೆ ಮುಂಭಾಗವನ್ನೂ ಹಿಂಭಾಗವನ್ನೂ ಸ್ಕ್ಯಾನ್ ಮಾಡಿದೆ. ಲ್ಯಾಮಿನೇಷನ್ ಮಾಡಿಸುವ ಯೋಚನೆ ಕೈಬಿಟ್ಟೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಉಳಿದ ಚಿತ್ರಗಳನ್ನೂ ಬಿಡಿಸುತ್ತಿದ್ದೇನೆ. ದೊಡ್ಡತ್ತೆ ನಿಂತವರಲ್ಲಿ ಐವರನ್ನು ಗುರುತಿಸಿದರು. ಒಬ್ಬರು ಊರಿನ ನೇಕಾರರು, ಒಬ್ಬರು ಶಾಲೆಯ ಮಾಸ್ತರರು, ಇಬ್ಬರು ಅಣ್ಣತಮ್ಮಂದಿರು. ಅಜ್ಜನ ಬಲಗಡೆ ನಿಂತವರ ಮುಖವನ್ನು ಬಹಳ ಹೊತ್ತು ನೋಡಿ, ಹೆಸರು ನಾಲಿಗೆಯ ತುದಿಯಲ್ಲಿದೆ ಎಂದರು, ಬರಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಹೇಳಿದರು. ಆರು ಹೆಸರುಗಳನ್ನೂ ಮೆತ್ತನೆಯ ಪೆನ್ಸಿಲ್ಲಿನಿಂದ ರಟ್ಟಿನ ಹಿಂದೆ, 'ನಿಂತವರು' ಎಂದು ಬರೆದು ಅದರ ಮುಂದೆ, ಎಡದಿಂದ ಬಲಕ್ಕೆ ಬರೆದಿದ್ದೇನೆ. ಇಪ್ಪತ್ತು ಹೆಸರುಗಳಿಗೆ ಜಾಗ ಬಿಟ್ಟಿದ್ದೇನೆ. ಅಜ್ಜನ ಹೆಸರನ್ನು ಆರಂಭದಲ್ಲಿ ಬರೆಯಲಿಲ್ಲ. ಅವರು ನಿಂತಿದ್ದ ಎರಡನೆಯ ಜಾಗದಲ್ಲಿಯೇ ಬರೆದೆ.